ಹೊಲಿಗೆಯಿಲ್ಲದ ಅಂಗಿ



ನಿಮ್ಮಲ್ಲಿ ಕೆಲವರು ಕಾನ್ವೆಂಟಿನ ಸಿಸ್ಟರುಗಳಿಂದ, ಇನ್ನು ಕೆಲವರು ಅಮ್ಮನಿಂದಲೋ ಅತ್ತೆಯಿಂದಲೋ ಉಲ್ಲನ್ ಹೆಣಿಗೆ ಕಲಿತವರು. ವರ್ಷಗಟ್ಟಲೆ ಪುಸ್ತಕ ನೋಡಿಯೇ ಹೆಣೆದಿರುತ್ತೀರಿ. ಒಂದು ಚಳಿಗಾಲದಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಸ್ವೆಟರೊಂದು ನಿಮ್ಮ ಕೈಯಿಂದ ಮೂಡಿ ಬರುತ್ತದೆ. ಪೂಜೆ ಮುಗಿಸಿ ಹೊರಬರುವಾಗ ನಾಲ್ಕು ಜನ ಮುಟ್ಟಿ ನೋಡಿ, "ಈ ಡಿಸೈನು ಎಲ್ಲಿ ಸಿಕ್ಕಿತು?" ಎಂದು ಕೇಳುತ್ತಾರೆ. ಮಗಳು, "ಅಮ್ಮಾ, ಇದನ್ನು ಯಾವುದಾದರೂ ಪತ್ರಿಕೆಗೆ ಕಳುಹಿಸಬಾರದಾ?" ಎನ್ನುತ್ತಾಳೆ. "ಹೋಗೇ, ನಮ್ಮದೇನು ಮಹಾ" ಎಂದು ನೀವು ನಕ್ಕುಬಿಡುತ್ತೀರಿ.

ಗುರುಗಳಿಗೇಕೆ ಸ್ವೆಟರಿನ ಉಸಾಬರಿ ಎನ್ನಬೇಡಿ. ಈ "ನಮ್ಮದೇನು ಮಹಾ" ಎಂಬ ಮಾತು ಕೇಳುವುದಕ್ಕೆ ದೀನತೆಯ ಹಾಗಿರುತ್ತದೆ. ಬಗೆದು ನೋಡಿದರೆ ಅದರೊಳಗೆ ಬಹುಪಾಲು ಅಂಜಿಕೆಯೇ ಇರುತ್ತದೆ. ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನನ್ನು ನಾವು ಪ್ರವಚನ ಪೀಠದಿಂದ ಸೋಮಾರಿ ಎಂದು ಬೈಯುತ್ತೇವೆ. ಆದರೆ ಅವನು ಒಡೆಯನ ಮುಂದೆ ಹೇಳಿಕೊಂಡ ಕಾರಣ ಭಯ. ಮೊದಲ ಬಾರಿಗೆ ತನ್ನ ಕೈಕೆಲಸವನ್ನು ಅಚ್ಚಿಗೆ ಕಳುಹಿಸಲು ಹಿಂಜರಿಯುವ ಹೆಣ್ಣುಮಗಳ ಭಯವೂ ಅದೇ ಜಾತಿಯದು: ತಿರಸ್ಕರಿಸಿದರೆ? ನಕ್ಕರೆ? "ಇದರಲ್ಲಿ ಹೊಸತೇನಿದೆ?" ಎಂದುಬಿಟ್ಟರೆ?

ಕೊನೆಯ ಪ್ರಶ್ನೆಯನ್ನೇ ಮೊದಲು ನೋಡೋಣ. ಎಲಿಜಬೆತ್ ಝಿಮ್ಮರ್‌ಮನ್ ಎಂಬ ಹೆಣಿಗೆಗಾರ್ತಿಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಜರ್ಮನಿಯ ವ್ಯಕ್ತಿಯನ್ನು ಮದುವೆಯಾಗಿ, 1937ರಲ್ಲಿ ಅಮೆರಿಕಕ್ಕೆ ಹೋಗಿ, ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿ, 1999ರಲ್ಲಿ ತೀರಿಕೊಂಡವರು. ಇಪ್ಪತ್ತನೆಯ ಶತಮಾನದಲ್ಲಿ ಹೆಣಿಗೆಗೆ ಹೊಸ ಜೀವ ತುಂಬಿದವರಲ್ಲಿ ಅವರ ಹೆಸರು ಮುಂದೆ ಬರುತ್ತದೆ. ಇಷ್ಟು ದೊಡ್ಡ ಹೆಸರಿದ್ದೂ ಅವರು "ಇದು ನನ್ನ ಆವಿಷ್ಕಾರ" ಎಂದು ಹೇಳಿಕೊಳ್ಳಲಿಲ್ಲ. ಇಂಗ್ಲಿಷಿನ 'ಇನ್‌ವೆಂಟ್' ಎಂಬ ಮಾತು ತನಗೆ ಹೆಚ್ಚಾಯಿತೆಂದು 'ಅನ್‌ವೆಂಟ್' ಎಂಬ ಪದವನ್ನೇ ಕಟ್ಟಿಕೊಂಡರು. ಎರಡು ಕಡ್ಡಿ, ಒಂದು ನೂಲು ಹಿಡಿದು ಇಷ್ಟೊಂದು ಕೈಗಳು ಇಷ್ಟು ಕಾಲದಿಂದ ಹೆಣೆದಿರುವಾಗ ನನಗೆ ಹೊಳೆದ ಉಪಾಯ ಇನ್ನಾರಿಗೋ ಮೊದಲೇ ಹೊಳೆದಿದ್ದೀತು, ನಾನು ಮುಚ್ಚಿದ್ದನ್ನು ತೆರೆದೆ ಅಷ್ಟೇ ಎಂಬುದು ಅದರ ಭಾವ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಾಸ್ ಅಕ್ವಿನಾಸರಿಂದ ನಾವು ಕಲಿತದ್ದೂ ಇದನ್ನೇ. ಶೂನ್ಯದಿಂದ ಸೃಷ್ಟಿಸುವುದು ದೇವರೊಬ್ಬರಿಗೇ ಸಾಧ್ಯ. ಮನುಷ್ಯ ಏನನ್ನೇ ಮಾಡಲಿ, ಕೊಟ್ಟದ್ದರಿಂದ ಮಾಡುತ್ತಾನೆ. ಕುರಿ ಕೊಟ್ಟ ಉಣ್ಣೆ, ಅಜ್ಜಿ ಕೊಟ್ಟ ಕುಣಿಕೆ, ಕಣ್ಣಿಗೆ ಬಿದ್ದ ಬಣ್ಣ. ಆದ್ದರಿಂದ ಪೂರ್ತಿ ಹೊಸತೇ ಆಗಬೇಕೆಂಬ ಹೊರೆಯನ್ನು ಹೆಗಲಿನಿಂದ ಇಳಿಸಿಬಿಡಿ. ಹಾಗೆಂದು ಇನ್ನೊಬ್ಬರು ಬರೆದ ಸೂಚನೆಯನ್ನು, ಬಿಡಿಸಿದ ನಕ್ಷೆಯನ್ನು ಎತ್ತಿ ನಿಮ್ಮ ಹೆಸರು ಹಾಕಬಾರದು. ಅದು ಕಳವು. ಹೆಣಿಗೆಯ ಉಪಾಯ ಯಾರೊಬ್ಬರ ಸೊತ್ತೂ ಅಲ್ಲ, ಆದರೆ ಬರೆದ ಮಾತು, ಗೆರೆ ಎಳೆದ ನಕ್ಷೆ, ತೆಗೆದ ಫೋಟೋ ಮಾಡಿದವರದು. ಯಾರಿಂದ ಕಲಿತಿರೋ ಅವರ ಹೆಸರನ್ನು ಒಂದು ಸಾಲಿನಲ್ಲಿ ಹೇಳಿದರೆ ನಿಮ್ಮ ಮರ್ಯಾದೆ ಹೆಚ್ಚೇ ಆಗುತ್ತದೆ.

ಇನ್ನು ನಿಜವಾದ ಕಷ್ಟಕ್ಕೆ ಬರೋಣ. ಸ್ವೆಟರ್ ಹೆಣೆಯುವುದು ಒಂದು ಕೆಲಸ; ಅದನ್ನು ಕಾಗದದ ಮೇಲೆ ಬರೆಯುವುದು ಬೇರೆಯೇ ಕೆಲಸ. ಹೆಣೆಯುವಾಗ ಕೈಗೆ ಗೊತ್ತಿರುತ್ತದೆ. ಕಂಕುಳ ಹತ್ತಿರ ನಾಲ್ಕು ಕುಣಿಕೆ ಕಡಿಮೆ ಮಾಡಿದ್ದು, ಕುತ್ತಿಗೆ ಬಿಗಿಯಾಯಿತೆಂದು ಬಿಚ್ಚಿ ಮತ್ತೆ ಹಾಕಿದ್ದು, ಇವೆಲ್ಲ ಮಾತಿಲ್ಲದೆ ನಡೆದುಹೋಗಿರುತ್ತವೆ. ಬರೆಯಲು ಕುಳಿತರೆ ಎದುರಿಗೆ ಒಬ್ಬ ಅಪರಿಚಿತೆ ಬಂದು ಕೂರುತ್ತಾಳೆ. ನಿಮ್ಮ ಮುಖ ಅವಳು ನೋಡಿಲ್ಲ. "ಇಲ್ಲಿ ಏನು ಮಾಡಿದ್ರಿ ಅಕ್ಕಾ?" ಎಂದು ಕೇಳಲು ನೀವು ಅವಳ ಊರಿನಲ್ಲಿಲ್ಲ. ಅವಳಿಗಿರುವುದು ನಿಮ್ಮ ಅಕ್ಷರ, ನಿಮ್ಮ ಅಂಕಿ.

ಅಂಕಿ ತಪ್ಪಿದರೆ ಏನಾಗುತ್ತದೆಂದು ಹೆಣೆಯದವರಿಗೂ ತಿಳಿಯುವಂತೆ ಹೇಳುತ್ತೇನೆ. ನಿಮ್ಮ ಕೈಯಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಬರುತ್ತದೆ ಎಂದುಕೊಳ್ಳಿ. 200 ಕುಣಿಕೆಯ ಸ್ವೆಟರಿನ ಸುತ್ತಳತೆ ಸುಮಾರು 91 ಸೆಂಟಿಮೀಟರ್ ಆಯಿತು. ಈ 22ನ್ನು ನೀವು ಬರೆಯಲು ಮರೆತಿರಿ. ಸಡಿಲ ಕೈಯ ಇನ್ನೊಬ್ಬಳಿಗೆ ಅದೇ 10 ಸೆಂಟಿಮೀಟರಿಗೆ 20 ಕುಣಿಕೆ ಬಂದರೆ ಅವಳ ಸ್ವೆಟರ್ 100 ಸೆಂಟಿಮೀಟರ್ ಆಗುತ್ತದೆ. ಗಂಡನಿಗೆಂದು ಹೆಣೆದದ್ದು ಮಾವನಿಗೂ ದೊಗಳೆ! ನಗುವ ವಿಷಯವಲ್ಲ. ಮನೆಗೆಲಸವೆಲ್ಲ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಒಂದೊಂದು ಗಂಟೆಯಂತೆ ಅವಳು ಕೂಡಿಟ್ಟ ತಿಂಗಳು ಅದು. ಉಲ್ಲನ್ನಿಗೆ ಕೊಟ್ಟ ದುಡ್ಡು ಬೇರೆ.

ಅದಕ್ಕೇ ಅಚ್ಚಿಗೆ ಹೋಗುವ ಮೊದಲು ಸೂಚನೆಯನ್ನು ಬೇರೊಬ್ಬರ ಕೈಗೆ ಕೊಟ್ಟು, ನೀವು ಬಾಯಿ ತೆರೆಯದೆ, ಅವರು ಅದನ್ನು ನೋಡಿಯೇ ಹೆಣೆಯಲಿ ಎಂದು ಬಿಡಬೇಕು. ಹೊರದೇಶದ ಒಳ್ಳೆಯ ಪತ್ರಿಕೆಗಳಲ್ಲಿ ಲೆಕ್ಕವನ್ನು ಸಾಲು ಸಾಲಾಗಿ ಕೂಡಿ ಕಳೆದು ನೋಡುವ ಪರಿಶೀಲಕರೇ ಇರುತ್ತಾರೆ. ನಿಮ್ಮ ಮಗಳ ಅಳತೆಗೆ ಹೆಣೆದದ್ದನ್ನು ದಪ್ಪಗಿರುವವಳಿಗೂ ಸಣಕಲಿಗೂ ಹೊಂದುವಂತೆ ನಾಲ್ಕಾರು ಅಳತೆಗಳಲ್ಲಿ ಲೆಕ್ಕ ಹಾಕಿ ಕೊಡಬೇಕಾಗುತ್ತದೆ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆ ಗುಣಾಕಾರ ಭಾಗಾಕಾರದ ವೇಷದಲ್ಲೂ ಬರುತ್ತದೆ. ನೀವು ಎಂದೂ ನೋಡದ ಆ ಹೆಂಗಸಿನ ಮೈಯಳತೆಯನ್ನು ಗೌರವದಿಂದ ಎಣಿಸುವಾಗ ಅವಳು ನಿಮಗೆ ನೆರೆಯವಳಾಗುತ್ತಾಳೆ.

ಎಲ್ಲ ಸರಿಯಾಗಿ ಮಾಡಿದರೂ ನೋವು ತಪ್ಪುತ್ತದೆಯೇ? ಝಿಮ್ಮರ್‌ಮನ್ ಅವರ ಅನುಭವವನ್ನೇ ಕೇಳಿ. 1950ರ ದಶಕದಲ್ಲಿ ಅವರ ಆರಂಭದ ಸ್ವೆಟರ್ ಮಾದರಿಯೊಂದು ಅಮೆರಿಕದ ಒಂದು ಪತ್ರಿಕೆಯಲ್ಲಿ ಬಂತು. ಅವರು ಅದನ್ನು ಸುತ್ತು ಕಡ್ಡಿಯಲ್ಲಿ, ಗುಂಡಗೆ, ಹೊಲಿಗೆಯೇ ಇಲ್ಲದಂತೆ ಹೆಣೆದಿದ್ದರು. ಸಂಪಾದಕರು ಓದುಗರಿಗೆ ರೂಢಿಯಿದ್ದಂತೆ ಅದನ್ನು ಬಿಡಿ ತುಂಡುಗಳಾಗಿ ಹೆಣೆದು ಹೊಲಿಯುವ ಸೂಚನೆಯಾಗಿ ಬದಲಿಸಿಬಿಟ್ಟರು. ಹೆಸರು ಅವರದೇ, ಆದರೆ ಸ್ವೆಟರಿನ ಜೀವವೇ ಹೋಗಿತ್ತು.

ಹೊಲಿಗೆಯಿಲ್ಲದ ಅಂಗಿ ಎಂದೊಡನೆ ನಿಮ್ಮ ಮನಸ್ಸು ಎಲ್ಲಿಗೆ ಹೋಯಿತೆಂದು ಬಲ್ಲೆ. ಶಿಲುಬೆಯ ಕೆಳಗೆ ಸೈನಿಕರು ಪ್ರಭು ಯೇಸುವಿನ ಬಟ್ಟೆಗಳನ್ನು ಹಂಚಿಕೊಂಡರೂ ಒಳ ಅಂಗಿಯನ್ನು ಹರಿಯಲಿಲ್ಲ, ಅದು ಮೇಲಿನಿಂದ ಕೆಳಗಿನವರೆಗೆ ಒಂದೇ ತುಂಡಾಗಿತ್ತು ಎನ್ನುತ್ತಾರೆ ಸಂತ ಯೊವಾನ್ನರು. ಶುಭಸಂದೇಶ ಹೇಳುವುದು ನೇಯ್ದ ಅಂಗಿಯ ವಿಷಯ. ಆದರೆ ಜರ್ಮನಿಯ ಮಾಸ್ಟರ್ ಬೆರ್ಟ್ರಾಮ್‌ನ ಚಿತ್ರವೆಂದು ಹೆಸರಾದ, ಸುಮಾರು 1400ರ ಕಾಲದ ಒಂದು ಪೀಠಚಿತ್ರದಲ್ಲಿ ಅದು ಹೆಣಿಗೆಯಾಗಿದೆ. ಬುಕ್ಸ್‌ಟೆಹುಡೆಯ ಕನ್ಯಾಮಠಕ್ಕಾಗಿ ಮಾಡಿದ ಆ ಪೀಠ ಈಗ ಹ್ಯಾಂಬುರ್ಗ್ ಕಲಾ ಸಂಗ್ರಹಾಲಯದಲ್ಲಿದೆ. ಮಾತೆ ಮರಿಯಮ್ಮನವರು ಕುಳಿತು ಮಗುವಿಗೆ ಅಂಗಿ ಹೆಣೆಯುತ್ತಿದ್ದಾರೆ. ಮೈ, ತೋಳು ಮುಗಿದಿವೆ. ನಾಲ್ಕು ಕಡ್ಡಿಗಳಲ್ಲಿ ಕುತ್ತಿಗೆಯ ಸುತ್ತು ನಡೆದಿದೆ. ನೆಲದ ಮೇಲೆ ಪುಸ್ತಕ, ಬುಗುರಿ ಇಟ್ಟುಕೊಂಡ ಬಾಲ ಯೇಸು ತಿರುಗಿ ನೋಡುತ್ತಾನೆ. ಅಲ್ಲಿ ದೇವದೂತರು ಶಿಲುಬೆ, ಈಟಿ ಹಿಡಿದು ಬರುತ್ತಿದ್ದಾರೆ. ತಾಯಿಯ ಕೈ ಮಾತ್ರ ನಿಂತಿಲ್ಲ. ಹೆಣಿಗೆ ಬಲ್ಲ ಯಾರೋ ಹೇಳಿಕೊಟ್ಟಿರದಿದ್ದರೆ ಚಿತ್ರಕಾರ ಆ ಕುತ್ತಿಗೆಯನ್ನು ಅಷ್ಟು ಸರಿಯಾಗಿ ಬಿಡಿಸುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಇದನ್ನೇಕೆ ಹೇಳಿದೆನೆಂದರೆ, ಕೊಟ್ಟ ಮೇಲೆ ಅಂಗಿ ತಾಯಿಯ ಕೈಯಲ್ಲಿ ಉಳಿಯುವುದಿಲ್ಲ. ಅಚ್ಚಾದ ಮಾದರಿಯೂ ಹಾಗೆಯೇ. ಯಾರೋ ಬಣ್ಣ ಬದಲಿಸುತ್ತಾರೆ, ಯಾರೋ ತೋಳು ಗಿಡ್ಡ ಮಾಡುತ್ತಾರೆ. ಇಂಥದಕ್ಕೆಲ್ಲ ಮುನಿಸು ಬೇಡ. ಆದರೆ ಮಾದರಿಯ ತಿರುಳನ್ನೇ ಕೆಡಿಸಿ ನಿಮ್ಮ ಹೆಸರು ಹಾಕಿದರೆ ಮೌನವಾಗಿರಬೇಕಿಲ್ಲ. ಸಂಪಾದಕರು ತಿದ್ದಿದ್ದನ್ನು ಅಚ್ಚಿಗೆ ಮುಂಚೆ ನನಗೆ ತೋರಿಸಿ ಎಂದು ಮೊದಲೇ ಬರೆದು ಕೇಳುವುದು ಅಹಂಕಾರವೇನೂ ಅಲ್ಲ. ಹಾಗೆಯೇ, ಒಂದು ಸಲ ಮುದ್ರಿಸುವ ಹಕ್ಕನ್ನಷ್ಟೇ ಕೊಡುತ್ತಿದ್ದೀರೋ, ಎಲ್ಲ ಹಕ್ಕನ್ನೂ ಕೊಡುತ್ತಿದ್ದೀರೋ ಓದಿ ನೋಡಿ ಸಹಿ ಹಾಕಿ. ಕೆಲಸಕ್ಕೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಜಗದ್ಗುರು ಹದಿಮೂರನೆಯ ಲಿಯೋ 1891ರ ವಿಶ್ವಪತ್ರದಲ್ಲಿ ಬೋಧಿಸಿದರು. ಹೆಂಗಸರ ಕೈಕೆಲಸ 'ಹೊತ್ತು ಕಳೆಯಲು' ಎಂದು ಅದಕ್ಕೆ ವಿನಾಯಿತಿ ಇಟ್ಟಿಲ್ಲ.

ಝಿಮ್ಮರ್‌ಮನ್ ಏನು ಮಾಡಿದರು? ಅಳುತ್ತಾ ಕೂರಲಿಲ್ಲ, ಕಡ್ಡಿಯನ್ನು ಮೂಲೆಗೆ ಎಸೆಯಲೂ ಇಲ್ಲ. 1958ರಲ್ಲಿ ತಮ್ಮದೇ ಸುತ್ತೋಲೆಯೊಂದನ್ನು ಶುರುಮಾಡಿ, ತಮ್ಮ ಮಾದರಿಗಳನ್ನು ತಮ್ಮ ಮಾತಿನಲ್ಲೇ ಬರೆದು ಅಂಚೆಯಲ್ಲಿ ಕಳುಹಿಸತೊಡಗಿದರು. ಮರುವರ್ಷ 'ಸ್ಕೂಲ್‌ಹೌಸ್ ಪ್ರೆಸ್' ಎಂಬ ಪುಟ್ಟ ಪ್ರಕಾಶನ ಹುಟ್ಟಿತು. ಮೊದಲ ಪುಸ್ತಕ ಬಂದಾಗ 1971. ಅವರಿಗೆ ಅರವತ್ತು ದಾಟಿತ್ತು. ಅವರು ಬರೆದು ಹಂಚಿದ ಲೆಕ್ಕವೊಂದು ಇಂದಿಗೂ ಹೆಣಿಗೆಗಾರರ ಬಾಯಲ್ಲಿದೆ: ಎದೆಯ ಸುತ್ತಳತೆ 40 ಅಂಗುಲ, ಅಂಗುಲಕ್ಕೆ 5 ಕುಣಿಕೆ ಎಂದರೆ ಮೈಗೆ 200; ಮುಂಗೈ ಹತ್ತಿರ ತೋಳಿಗೆ ಅದರ ಶೇಕಡಾ 20, ಅಂದರೆ 40; ಕುತ್ತಿಗೆಗೆ ಶೇಕಡಾ 40ರಷ್ಟು, ಅಂದರೆ 80. ಈ ಒಂದು ಸೂತ್ರ ತಿಳಿದವಳು ಬೇರೆಯವರ ಪುಸ್ತಕಕ್ಕೆ ಕಾಯದೆ ತನ್ನ ಮನೆಯವರ ಮೈಗೆ ತಾನೇ ಅಳತೆ ಹಾಕಿಕೊಳ್ಳಬಲ್ಲಳು. ತನ್ನ ವಿದ್ಯೆಯನ್ನು ಬಿಗಿಹಿಡಿಯದೆ ಹೀಗೆ ಬಿಚ್ಚಿಟ್ಟವರನ್ನು ಕಂಡರೆ ನನಗೆ ಯೊಪ್ಪ ಊರಿನ ತಬಿಥಳ ನೆನಪಾಗುತ್ತದೆ. ಅವಳು ಸತ್ತಾಗ ವಿಧವೆಯರು ಸಂತ ಪೇತ್ರರ ಸುತ್ತ ನಿಂತು ಅವಳು ಮಾಡಿಕೊಟ್ಟಿದ್ದ ಅಂಗಿಗಳನ್ನು ಎತ್ತಿ ಎತ್ತಿ ತೋರಿಸಿ ಅತ್ತರು. ಅವಳ ಬಗ್ಗೆ ಅವರು ಕೊಟ್ಟ ಸಾಕ್ಷ್ಯ ಆ ಬಟ್ಟೆಗಳೇ.

ಕಳುಹಿಸಲು ಮನಸ್ಸಾದವರಿಗೆ ಇನ್ನೆರಡು ಮಾತು. ಚಳಿಗಾಲದ ಸಂಚಿಕೆಗೆ ಬೇಕಾದದ್ದನ್ನು ಪತ್ರಿಕೆಗಳು ಎಷ್ಟೋ ತಿಂಗಳು ಮೊದಲೇ ಆರಿಸಿಕೊಳ್ಳುತ್ತವೆ. ಆದ್ದರಿಂದ ಸೆಕೆಯಲ್ಲಿ ಬೆವರುತ್ತಲೇ ಉಲ್ಲನ್ ಹಿಡಿಯಬೇಕಾದೀತು. ಉತ್ತರ ತಡವಾಗಿ ಬರುತ್ತದೆ, ಕೆಲವೊಮ್ಮೆ 'ಬೇಡ' ಎಂದೇ ಬರುತ್ತದೆ. ಅದನ್ನೇ ಇನ್ನೊಂದು ಪತ್ರಿಕೆಗೆ ಕಳುಹಿಸಿ. ಮೊದಲ ಪತ್ರದ ಜೊತೆ ಅಂಗೈ ಅಗಲದ ಒಂದು ಹೆಣಿಗೆಯ ತುಂಡು, ಒಂದು ಚಿತ್ರ, ಅಳತೆಗಳು, ನಾಲ್ಕು ಸಾಲಿನ ವಿವರಣೆ ಇದ್ದರೆ ಸಾಮಾನ್ಯವಾಗಿ ಸಾಕು. ಅವರಾಗಿ ಕೇಳುವವರೆಗೆ ಸ್ವೆಟರನ್ನು ಕಳುಹಿಸಬೇಡಿ. ಮಗಳು ಹಾಕಿಕೊಂಡು ಓಡಾಡಲಿ.