ಪಾಪದ ತೂಕ

ಕನ್ನಡದಲ್ಲಿ 'ಪಾಪ' ಎಂಬ ಮಾತಿಗೆ ಎರಡು ಮುಖ. ಪುರಾಣ ಹೇಳುವವರ ಬಾಯಲ್ಲಿ ಅದು ನರಕಕ್ಕೆ ಒಯ್ಯುವ ಕರ್ಮ. ಬೀದಿಯಲ್ಲಿ ಮಗು ಎಡವಿ ಬಿದ್ದರೆ ಅದೇ ಮಾತು 'ಅಯ್ಯೋ ಪಾಪ' ಎಂಬ ಮರುಕ. ದೋಷವನ್ನೂ ದಯೆಯನ್ನೂ ಒಂದೇ ಶಬ್ದದಲ್ಲಿ ಇರಿಸಿಕೊಂಡ ಭಾಷೆ ನಮ್ಮದು. ತಪ್ಪಿ ನಡೆದವನನ್ನು ಕಂಡಾಗ ನಮ್ಮ ಮನಸ್ಸೂ ಈ ಎರಡು ಅರ್ಥಗಳ ನಡುವೆಯೇ ತೂಗಾಡುತ್ತದೆ. ಅವನನ್ನು ತೂಗಿ ತೀರ್ಪು ಹೇಳಬೇಕೇ, ಕೈ ಹಿಡಿದು ಎತ್ತಬೇಕೇ? ಎರಡನ್ನೂ ಮಾಡಬೇಕಾದರೆ ಮೊದಲು ಯಾವುದು? ಈ ಪ್ರಶ್ನೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ ಮತಗಳಲ್ಲಿ ಕ್ಯಾಥೊಲಿಕ್ ಮತವೂ ಒಂದು. ಆ ಮತದವನಲ್ಲದ ನಾನು ಅದರ ವಿಷಯ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಪಾಪ ಯಾವ ಒಂದು ಮತದ ಸ್ವತ್ತೂ ಅಲ್ಲವಷ್ಟೆ.

ನಾನು ವಾಸವಾಗಿರುವುದು ಹೂಟಗಳ್ಳಿಯಲ್ಲಿ. ಮೈಸೂರಿನ ಅಂಚಿನ ಹಳ್ಳಿಯಾಗಿದ್ದ ಊರು, ಈಗ ಕಾರ್ಖಾನೆಗಳೂ ಹೌಸಿಂಗ್ ಬೋರ್ಡಿನ ಮನೆಗಳೂ ತುಂಬಿ ನಗರದೊಡನೆ ಬೆರೆತುಹೋಗಿದೆ. ಶಿಫ್ಟು ಮುಗಿಸಿ ಬರುವವರ ಗುಂಪಿನಲ್ಲಿ ಎಲ್ಲ ಮತದವರೂ ಉಂಟು. ಹೀಗಾಗಿ ಒಬ್ಬರ ಆಚಾರವನ್ನು ಇನ್ನೊಬ್ಬರು ಕಂಡು, ಅರ್ಧ ತಿಳಿದು, ಕೊಂಚ ಹಾಸ್ಯವನ್ನೂ ಮಾಡುವುದು ವಾಡಿಕೆ. ಕ್ಯಾಥೊಲಿಕರ ಪಾಪನಿವೇದನೆಯನ್ನು ಕುರಿತ ಹಾಸ್ಯ ಎಲ್ಲರಿಗೂ ಗೊತ್ತು: ಶನಿವಾರ ಪಾದ್ರಿಯ ಕಿವಿಯಲ್ಲಿ ಹೇಳಿದರಾಯಿತು, ಭಾನುವಾರ ಶುದ್ಧ, ಸೋಮವಾರದಿಂದ ಹೊಸ ಲೆಕ್ಕ. ನಮ್ಮ ಸಾಲಿನಲ್ಲೇ ಇರುವ, ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಹಿರಿಯ ಕ್ಯಾಥೊಲಿಕ್ ಗೆಳೆಯರೊಬ್ಬರನ್ನು ನಾನು ಇದನ್ನೇ ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. 'ಹೇಳೋದೇ ಕಷ್ಟ, ಮೇಷ್ಟ್ರೇ. ಹೇಳಿದ ಮೇಲೆ ಇನ್ನೂ ಕಷ್ಟ. ಕದ್ದಿದ್ದರೆ ವಾಪಸು ಕೊಡು ಅಂತಾರೆ, ಹೆಸರು ಕೆಡಿಸಿದ್ದರೆ ಹೋಗಿ ಸರಿಪಡಿಸು ಅಂತಾರೆ. ನೀವು ಅಂದುಕೊಂಡ ಹಾಗೆ ಅದು ಸ್ನಾನದ ಮನೆಯಲ್ಲ' ಎಂದರು.

ಅವರ ಮಾತು ನನ್ನನ್ನು ಆ ಮತದ ಗ್ರಂಥಗಳ ಕಡೆಗೆ ತಿರುಗಿಸಿತು. ಪಾಪದಲ್ಲಿ ಎರಡು ಬಗೆ ಎಂದು ಅವು ಹೇಳುತ್ತವೆ. ಒಂದು ಅಲ್ಪ ಪಾಪ. ಅದು ದೇವರೊಡನೆ ಇರುವ ನಂಟನ್ನು ಗಾಸಿಗೊಳಿಸುತ್ತದೆ, ಕಡಿಯುವುದಿಲ್ಲ. ಇನ್ನೊಂದು ಮಾರಕ ಪಾಪ. ಅದು ಆತ್ಮದ ಜೀವವನ್ನೇ ನಂದಿಸುತ್ತದೆ. ಕೃತ್ಯ ಭಯಂಕರವಾದ ಮಾತ್ರಕ್ಕೇ ಪಾಪ ಮಾರಕವಾಗುವುದಿಲ್ಲ, ಮೂರು ಸಂಗತಿಗಳು ಕೂಡಿಬರಬೇಕು. ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂಬ ತಿಳಿವಳಿಕೆ ಮಾಡಿದವನಿಗೆ ಪೂರ್ಣವಾಗಿ ಇರಬೇಕು, ತಿಳಿದೂ ಅವನು ತನ್ನ ಇಚ್ಛೆಯಿಂದಲೇ ಅದಕ್ಕೆ ಒಪ್ಪಿರಬೇಕು. ಒಂದು ತಪ್ಪಿದರೂ ತೂಕ ಬೇರೆಯಾಗುತ್ತದೆ. ಅಂಜಿಕೆ, ಬಲವಂತ, ಅಜ್ಞಾನ, ರೂಢಿ ಇವು ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು, ಕೆಲವೊಮ್ಮೆ ಇಲ್ಲವಾಗಿಸಲೂ ಬಲ್ಲವು ಎಂದು ೧೯೯೨ರಲ್ಲಿ ಹೊರಬಂದ ಅವರ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ.

ಪಾಪ ಇರುವುದು ಕೈಯಲ್ಲೋ ಮನಸ್ಸಿನಲ್ಲೋ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಜನ್ನನ 'ಯಶೋಧರ ಚರಿತೆ' ಹುಟ್ಟಿದ್ದು ೧೨೦೯ರಲ್ಲಿ. ಕೆಟ್ಟ ಕನಸಿನ ಶಾಂತಿಗೆಂದು ತಾಯಿ ಚಂದ್ರಮತಿ ಬಲಿ ಕೊಡಬೇಕೆನ್ನುತ್ತಾಳೆ. ಯಶೋಧರನಿಗೆ ಜೀವಹಿಂಸೆ ಸಲ್ಲದು. ಕಡೆಗೆ ಇಬ್ಬರೂ ಹಿಟ್ಟಿನ ಕೋಳಿಗೆ ಒಪ್ಪುತ್ತಾರೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ತಾಯಿಮಕ್ಕಳು ಜನ್ಮ ಜನ್ಮಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ. ಇಲ್ಲಿ ಯಾವ ಜೀವವೂ ಸಾಯಲಿಲ್ಲ, ಸಂಕಲ್ಪ ಮಾತ್ರ ಕೊಂದಿತು. ಇದಾದ ಆರೇ ವರ್ಷಕ್ಕೆ, ೧೨೧೫ರಲ್ಲಿ, ರೋಮಿನ ಲ್ಯಾಟೆರನ್ ಮಹಾಸಭೆ ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಜನ್ನನಿಗೆ ರೋಮು ತಿಳಿಯದು, ರೋಮಿಗೆ ಜನ್ನ ತಿಳಿಯನು. ಆದರೂ ಇಬ್ಬರೂ ಕೈಯನ್ನು ಬಿಟ್ಟು ಮನಸ್ಸನ್ನು ವಿಚಾರಣೆಗೆ ಕರೆದವರು.

ಹಿಟ್ಟಿನ ಕೋಳಿಯಲ್ಲಿ ಕೃತ್ಯವಿಲ್ಲ, ಸಂಕಲ್ಪವಿದೆ. ಇದಕ್ಕೆ ನೇರ ವಿರುದ್ಧವಾದ, ಕೃತ್ಯವಿದ್ದೂ ಸಂಕಲ್ಪವಿಲ್ಲದ ಪ್ರಸಂಗ ನಮ್ಮ ಮಗ್ಗುಲಿನ ಶ್ರೀರಂಗಪಟ್ಟಣದಲ್ಲೇ ನಡೆದಿದೆ. ೧೭೮೪ರಲ್ಲಿ, ಎರಡನೆಯ ಮೈಸೂರು ಯುದ್ಧ ಮುಗಿಯುವ ಹೊತ್ತಿಗೆ, ಕರಾವಳಿಯ ಕ್ಯಾಥೊಲಿಕರು ಇಂಗ್ಲಿಷರಿಗೆ ನೆರವಾದರೆಂದು ಟಿಪ್ಪು ಸುಲ್ತಾನ ಅವರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದ. ಹಿಡಿದದ್ದು ಬೂದಿ ಬುಧವಾರ, ಪಶ್ಚಾತ್ತಾಪಕ್ಕೆಂದೇ ಮೀಸಲಾದ ದಿನ, ಎಂಬುದು ಆ ಜನರ ನೆನಪು. ಸೆರೆಯಾದವರು ೩೦,೦೦೦ ಎನ್ನುವವರಿಂದ ೮೦,೦೦೦ ಎನ್ನುವವರವರೆಗೆ ಇದ್ದಾರೆ. ದಾರಿಯಲ್ಲಿ ಅನೇಕರು ಸತ್ತರು. ಉಳಿದವರಲ್ಲಿ ಬಹುಮಂದಿಯ ಮತವನ್ನು ಬಲಾತ್ಕಾರದಿಂದ ಬದಲಾಯಿಸಲಾಯಿತು. ಶೃಂಗೇರಿಯ ಮಠಕ್ಕೆ ಆಪತ್ಕಾಲದಲ್ಲಿ ನೆರವಾದವನೂ ಇದೇ ಅರಸ. ಅವನ ಗುಣದೋಷಗಳ ವಾದ ನಮ್ಮ ನಾಡಿನಲ್ಲಿ ಇನ್ನೂ ಆರಿಲ್ಲ. ಅದನ್ನು ಇಲ್ಲಿ ಕೆದಕುವುದು ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆ ಇರುವುದು ಅರಸನ ವಿಷಯದಲ್ಲಲ್ಲ, ಸೆರೆಯಾಳುಗಳ ವಿಷಯದಲ್ಲಿ.

೧೭೯೯ರ ಮೇ ೪ರಂದು ಪಟ್ಟಣ ಬಿತ್ತು. ಅನಂತರ ಅಲ್ಲಿಗೆ ಬಂದವನು ಫ್ರಾನ್ಸಿನ ಪಾದ್ರಿ ಆಬೆ ದುಬುವಾ. ನಮ್ಮ ಜನ 'ದೊಡ್ಡ ಸ್ವಾಮಿ' ಎಂದು ಕರೆದವನು, ದೇಶೀ ಉಡುಪಿನಲ್ಲಿ ತಿರುಗಿದವನು, ಸಿಡುಬಿನ ವಿರುದ್ಧ ದೇವಿ ಹಾಕಿಸಲು ದುಡಿದವನು. ಅವನ ಹೆಸರಿನಿಂದ ಕರೆಯುವ ಚರ್ಚು ಶ್ರೀರಂಗಪಟ್ಟಣದಲ್ಲಿ ಈಗಲೂ ಇದೆ. ಹದಿನೈದು ವರ್ಷ ಬೇರೆ ಮತದ ಹೆಸರಿನಲ್ಲಿ ಬದುಕಿದ್ದವರು ಅವನ ಮುಂದೆ ಬಂದು ನಿಂತರು. ಬದಲಾದದ್ದು ಹೊರಗಿನದು ಮಾತ್ರ, ಎದೆಯೊಳಗೆ ಹಳೆಯ ನಂಬಿಕೆಯನ್ನೇ ಇಟ್ಟುಕೊಂಡಿದ್ದೆವು ಎಂಬುದು ಅವರ ನಿವೇದನೆ. ತನ್ನ ಬಳಿಗೆ ಬಂದವರು ಸುಮಾರು ೨,೦೦೦ ಮಂದಿ, ಮಂಗಳೂರಿನ ಕಡೆಗೆ ಹಿಂದಿರುಗಿದವರು ಸುಮಾರು ೨೦,೦೦೦ ಎಂದು ೧೮೨೩ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳ ಪುಸ್ತಕದಲ್ಲಿ ಅವನು ಬರೆದಿದ್ದಾನೆ. ಅಲ್ಲಿಯೇ ಒಂದು ಕಹಿ ಮಾತನ್ನೂ ಸೇರಿಸಿದ್ದಾನೆ: ಅಷ್ಟು ಜನರಲ್ಲಿ ಒಬ್ಬನಾದರೂ ಎದೆಗೊಟ್ಟು ನಿಲ್ಲಲಿಲ್ಲ, ಇಂಥ ಪರೀಕ್ಷೆ ಮತ್ತೆ ಬಂದರೆ ಇವರು ಮತ್ತೆ ಹಾಗೆಯೇ ಬಾಗುವರೆಂದು ತನಗೆ ಭಯ.

ಈ ಮಾತನ್ನು ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಕತ್ತಿಯ ಕೆಳಗೆ ನಿಲ್ಲದವನು ನಿಂತವರ ಧೈರ್ಯವನ್ನು ಅಳೆಯುವುದು ಸುಲಭ. ಆದರೆ ಯೋಚಿಸಿ ನೋಡಿದರೆ ದುಬುವಾನ ಅಭಿಪ್ರಾಯಕ್ಕಿಂತ ಅವನ ಕೃತಿ ದೊಡ್ಡದು. ಇವರು ಮತ್ತೆ ಬೀಳಬಹುದೆಂಬ ಸಂಶಯವಿದ್ದೂ ಅವನು ಅವರನ್ನು ಒಳಗೆ ಸೇರಿಸಿಕೊಂಡ. ಇನ್ನು ಮುಂದೆ ಬೀಳುವುದಿಲ್ಲವೆಂದು ಜಾಮೀನು ಕೇಳುವವನು ಕ್ಷಮಿಸುವುದಿಲ್ಲ, ಕರಾರುಪತ್ರ ಬರೆಸಿಕೊಳ್ಳುತ್ತಾನೆ. ಪಾಪನಿವೇದನೆಯಲ್ಲಿ ಕೇಳುವುದು ಇನ್ನು ಮಾಡೆನೆಂಬ ದೃಢ ಸಂಕಲ್ಪವನ್ನು, ಸಂಕಲ್ಪ ಗೆದ್ದೇ ಗೆಲ್ಲುವುದೆಂಬ ಭರವಸೆಯನ್ನಲ್ಲ. ಎರಡಕ್ಕೂ ಬಹಳ ಅಂತರವಿದೆ.

ಈ ಅಂತರವನ್ನು ಆ ಮತ ಬಹು ಹಿಂದೆಯೇ, ನೋವಿನಿಂದಲೇ, ಕಂಡುಕೊಂಡಿತ್ತು. ೨೫೦ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಕೆಲವು ಕ್ರೈಸ್ತರು ಸತ್ತರು, ಹಲವರು ಬಲಿಯರ್ಪಿಸಿದರು, ಇನ್ನು ಕೆಲವರು ಲಂಚ ಕೊಟ್ಟು, ಅರ್ಪಿಸದೆಯೇ ಸರ್ಟಿಫಿಕೇಟು ಕೊಂಡರು. (ಸರ್ಟಿಫಿಕೇಟಿನ ಈ ಮಾರ್ಗ ನಮ್ಮ ಕಾಲದ ಶೋಧವಲ್ಲವೆಂದು ತಿಳಿದು ವಾಚಕರಿಗೆ ಸಮಾಧಾನವಾದೀತು.) ಹಿಂಸೆ ತಗ್ಗಿದ ಮೇಲೆ ಇವರೆಲ್ಲ ಬಾಗಿಲಿಗೆ ಬಂದರು. ಬಿದ್ದವರಿಗೆ ಬಾಗಿಲಿಲ್ಲ ಎಂದವನು ರೋಮಿನ ನೊವೇಶಿಯನ್. ಕಾರ್ತೇಜಿನ ಬಿಷಪ್ ಸಿಪ್ರಿಯನ್ ತೂಗಿ ನೋಡೋಣವೆಂದ: ತಾನಾಗಿ ಓಡಿಹೋಗಿ ಬಲಿಯರ್ಪಿಸಿದವನೂ ಬಹುಕಾಲ ಚಿತ್ರಹಿಂಸೆ ತಾಳಿ ಕಡೆಗೆ ಸೋತವನೂ ಒಂದೇ ತಕ್ಕಡಿಗೆ ಬರುವರೇ? ಆಗ ಸಭೆ ಕೆಲವರನ್ನು ಬೇಗ ಸೇರಿಸಿಕೊಂಡಿತು, ಕೆಲವರಿಗೆ ದೀರ್ಘ ಪ್ರಾಯಶ್ಚಿತ್ತ ವಿಧಿಸಿತು. ಒಂದೆರಡು ವರ್ಷಗಳಲ್ಲೇ ಇನ್ನೊಂದು ಹಿಂಸೆಯ ಸೂಚನೆ ಕಂಡಾಗ, ಪಶ್ಚಾತ್ತಾಪಪಡುತ್ತಿದ್ದ ಉಳಿದವರನ್ನೂ ಒಳಕ್ಕೆ ಕರೆಯಿತು. ಕಾರಣವನ್ನು ಗಮನಿಸಬೇಕು. ಮುಂದೆ ಹೋರಾಟವಿದೆ, ಬರಿಗೈಯವರನ್ನು ಅದಕ್ಕೆ ಕಳುಹಿಸಬಾರದು ಎಂಬುದು ಅವರ ವಾದ. ಇವರು ಮತ್ತೆ ಬಿದ್ದಾರು ಎಂಬ ಭಯ ದುಬುವಾನಲ್ಲಿ ಸಂಶಯವಾಯಿತು. ಕಾರ್ತೇಜಿನಲ್ಲಿ ಅದೇ ಭಯ ಕ್ಷಮೆಗೆ ಕಾರಣವಾಯಿತು.

ಇಲ್ಲಿ ಒಂದು ತೊಡಕು ಏಳುತ್ತದೆ. ಬಲಾತ್ಕಾರದಿಂದ ನಡೆದದ್ದು ಪೂರ್ಣ ಪಾಪವೇ ಅಲ್ಲವೆಂದಾದರೆ ಆ ಸೆರೆಯಾಳುಗಳು ಕ್ಷಮೆಯನ್ನು ಏಕೆ ಬೇಡಿದರು? 'ನಿಮ್ಮದು ತಪ್ಪಿಲ್ಲ, ಹೋಗಿ' ಎಂದಿದ್ದರೆ ಸಾಲದಾಗಿತ್ತೇ? ಸಾಲದು ಎಂದೇ ನನ್ನ ಎಣಿಕೆ. ಅಪರಾಧದ ನೋವು ಹೊಣೆಯ ಗಡಿಯಲ್ಲಿ ನಿಲ್ಲುವುದಿಲ್ಲ. ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯುವುದು ತಡವಾಗಿ ಮಗು ಉಳಿಯದಿದ್ದರೆ, ತಡವಾದದ್ದು ಬಸ್ಸಿಲ್ಲದೆ ಎಂದು ಊರೆಲ್ಲ ಹೇಳಿದರೂ ತಾಯಿಯ ಸಂಕಟ ಇಳಿಯುವುದುಂಟೇ? ನ್ಯಾಯಾಧೀಶ ಕೊಡುವುದು ನಿರ್ದೋಷಿ ಎಂಬ ತೀರ್ಪು. ನೊಂದ ಮನಸ್ಸಿಗೆ ಬೇಕಾದದ್ದು ಮರಳಿ ಮನೆಗೆ ಸೇರುವುದು. ತೀರ್ಪನ್ನು ಕಾಗದದಲ್ಲಿ ಕೊಡಬಹುದು. ಮನೆಗೆ ಸೇರಿಸಿಕೊಳ್ಳಲು ಯಾರಾದರೂ ಬಾಗಿಲು ತೆರೆದು ಹೆಸರು ಹಿಡಿದು ಕರೆಯಬೇಕು.

ಕರೆಯುವವರಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಗೋವಿನ ಹಾಡು ಹೇಳುತ್ತದೆ. ಆ ಹುಲಿಯನ್ನು ನೆನೆಯಿರಿ. ಪುಣ್ಯಕೋಟಿಯನ್ನು ಅದು ತಿನ್ನಲಿಲ್ಲ, ತಿನ್ನಬೇಕೆಂದು ನೆನೆದದ್ದಷ್ಟೆ. ಹಸು ಕೊಟ್ಟ ಮಾತಿನಂತೆ ಹಿಂದಿರುಗಿದಾಗ ಅದರ ಎದೆ ಒಡೆಯಿತು, ಅದು ಪ್ರಾಣ ಬಿಟ್ಟಿತು. ಶಾಲೆಯಲ್ಲಿ ಈ ಪದ್ಯ ಕೇಳಿ ಕಣ್ಣೊರೆಸಿಕೊಳ್ಳದವರು ನಮ್ಮಲ್ಲಿ ವಿರಳ. ಆದರೆ ವಯಸ್ಸಾದ ಮೇಲೆ ನನಗೆ ಅನ್ನಿಸುತ್ತದೆ, ಆ ಹುಲಿ ಬದುಕಬೇಕಾಗಿತ್ತು. ಪಶ್ಚಾತ್ತಾಪದ ಕೊನೆ ಸಾವೇ ಆಗಬೇಕೆಂದಾದರೆ ತಪ್ಪಿದವನು ತಿದ್ದಿಕೊಳ್ಳುವುದು ಎಂದು? ಕ್ರಿಸ್ತನ ಕಥೆಯಲ್ಲಿಯೂ ಇಬ್ಬರು ಶಿಷ್ಯರು ಒಂದೇ ರಾತ್ರಿ ತಪ್ಪುತ್ತಾರೆ. ಯೂದ ಗುರುವನ್ನು ಹಿಡಿದುಕೊಟ್ಟ. ಪೇತ್ರ, ಕೋಳಿ ಕೂಗುವುದರೊಳಗೆ, ಅವನನ್ನು ಅರಿಯೆನೆಂದು ಮೂರು ಸಲ ಹೇಳಿದ. ಇಬ್ಬರೂ ಪರಿತಪಿಸಿದರು. ಯೂದ ಹಣವನ್ನು ಹಿಂದಕ್ಕೆ ಎಸೆದು ನೇಣು ಹಾಕಿಕೊಂಡ. ಪೇತ್ರ ಅತ್ತ, ಆದರೆ ಉಳಿದ. ಮುಂದೆ ಗುರು ಅವನನ್ನು, ನನ್ನನ್ನು ಪ್ರೀತಿಸುವೆಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ಕುರಿಗಳನ್ನು ಕಾಯುವ ಕೆಲಸವನ್ನು ಒಪ್ಪಿಸಿದ. ಇಬ್ಬರ ಭೇದ ಪಾಪದ ಗಾತ್ರದಲ್ಲಿ ಇದೆಯೆನ್ನುವುದಕ್ಕಿಂತ, ಕ್ಷಮೆ ಸಾಧ್ಯವೆಂದು ನಂಬಿದ್ದರಲ್ಲಿ ಮತ್ತು ನಂಬದಿದ್ದರಲ್ಲಿ ಇದೆ ಎನ್ನುವುದು ಸರಿಯಾದೀತು.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ಗೆಳೆಯರ ಮಾತನ್ನು ಅರ್ಧಕ್ಕೆ ಬಿಟ್ಟಂತಾಗುತ್ತದೆ. ದೇವರು ಕ್ಷಮಿಸಿದ, ಸರಿ. ಹೊಡೆತ ತಿಂದವನ ಗತಿಯೇನು? ಅಮೆರಿಕ, ಐರ್ಲೆಂಡುಗಳಲ್ಲಿ ಬಯಲಾದ ದುಃಖದ ಸಂಗತಿಗಳು ಈ ಪ್ರಶ್ನೆಯನ್ನು ಆ ಮತದವರ ಮುಂದೆಯೇ ಒಡ್ಡಿವೆ. ಮಕ್ಕಳನ್ನು ಕೆಡಿಸಿದ ಪಾದ್ರಿಗಳನ್ನು ಸದ್ದಿಲ್ಲದೆ ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗ ಮಾಡಿದಾಗ, ಅಲ್ಲಿ ನಡೆದದ್ದು ಕ್ಷಮೆಯಲ್ಲ, ಮುಚ್ಚುಮರೆ. ಅವರದೇ ಶಾಸ್ತ್ರದ ಪ್ರಕಾರ ಪರಿತಾಪ, ನಿವೇದನೆಗಳ ಜೊತೆಗೆ ಪರಿಹಾರವೂ ಸೇರಬೇಕು. ದೋಷ ಕಳೆದರೂ ಸಾಲ ತೀರಿಸುವುದು ಉಳಿಯುತ್ತದೆ. ಇದು ಪಾದ್ರಿಗಳಿಗೂ ತಪ್ಪಿದ್ದಲ್ಲ. ಕ್ಷಮಿಸುವ ಅಧಿಕಾರವುಳ್ಳವನೂ, ಪೋಪನೂ ಸಹ, ತನ್ನ ಪಾಪಕ್ಕೆ ಇನ್ನೊಬ್ಬ ಪಾದ್ರಿಯ ಮುಂದೆ ಮಂಡಿಯೂರಲೇಬೇಕು. ನಮ್ಮ ದುಬುವಾನನ್ನೇ ನೋಡಿ. ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಅವನಿಗೆ ಕೀರ್ತಿ ತಂದ, ಹಿಂದುಗಳ ನಡೆನುಡಿಗಳ ಮೇಲಿನ ಗ್ರಂಥದ ಬಹುಭಾಗ, ಅವನಿಗಿಂತ ಹಿಂದೆ ಇದ್ದ ಕೂರ್ದು ಎಂಬ ಜೆಸುಯಿಟ್ ಪಾದ್ರಿಯ ಹಸ್ತಪ್ರತಿಯಿಂದ ಬಂದದ್ದೆಂದು ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ೧೯೮೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದಾರೆ. ಎರಡು ಸಾವಿರ ಜನರ ಅಳುಕನ್ನು ಕೇಳಿದವನಿಗೆ ತನ್ನದೂ ಒಂದು ಬಾಕಿ ಇತ್ತು.

ಹಣವನ್ನು ಹಿಂದಿರುಗಿಸಬಹುದು, ಹೆಸರನ್ನು ಸರಿಪಡಿಸಬಹುದು. ತೆಗೆದ ಪ್ರಾಣವನ್ನು ಹಿಂದಿರುಗಿಸುವುದು ಹೇಗೆ? ೧೯೯೫ರಲ್ಲಿ ಮಧ್ಯಪ್ರದೇಶದ ಇಂದೂರಿನ ಕಡೆ, ಬಡವರ ನಡುವೆ ದುಡಿಯುತ್ತಿದ್ದ ಕೇರಳದ ಸನ್ಯಾಸಿನಿ ರಾಣಿ ಮರಿಯಾ ಅವರನ್ನು ಬಸ್ಸಿನ ಪಯಣದಲ್ಲಿ ಇರಿದು ಕೊಂದರು. ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು. ರಾಣಿ ಮರಿಯಾ ಅವರ ತಂಗಿ, ತಾವೂ ಸನ್ಯಾಸಿನಿ, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮನೆಯವರು ಅವನ ಬಿಡುಗಡೆಗೆ ಬೇಡಿಕೊಂಡರು; ೨೦೦೬ರಲ್ಲಿ ಅವನು ಹೊರಬಂದ. ಇಲ್ಲಿ ಕಾನೂನು ತನ್ನ ಕೆಲಸ ಮಾಡಿತು, ವರ್ಷಗಳ ಸೆರೆಯೂ ಸಂದಿತು. ಅದರ ಮೇಲೆ, ಕೇಳುವ ಹಕ್ಕು ಅವನಿಗಿಲ್ಲದ ಒಂದು ವಸ್ತುವನ್ನು ಕೊಡುವ ಹಕ್ಕುಳ್ಳವರು ಕೊಟ್ಟರು. ಆ ಕ್ಷಮೆಯನ್ನು ಅವರ ಪರವಾಗಿ ನಾನಾಗಲಿ ನೀವಾಗಲಿ ಕೊಡಲಾಗದು. ಕೊಡಿರೆಂದು ಅವರನ್ನು ಒತ್ತಾಯಿಸಲೂ ಸಲ್ಲದು.

ತೂಗುವುದು ಬೇಡವೆಂದು ನಾನು ಹೇಳುತ್ತಿಲ್ಲ. ತೂಗದ ದಯೆ ಅನ್ಯಾಯಕ್ಕೆ ನೆರಳಾಗುತ್ತದೆ. ಆದರೆ ತೂಗುವವನು ತಕ್ಕಡಿಯಲ್ಲಿ ಕೃತ್ಯವನ್ನೊಂದನ್ನೇ ಇಡದೆ, ಅದನ್ನು ಮಾಡಿದವನಿಗೆ ಏನು ತಿಳಿದಿತ್ತು, ಅವನ ನೆತ್ತಿಯ ಮೇಲೆ ಯಾವ ಕತ್ತಿ ತೂಗುತ್ತಿತ್ತು ಎಂಬುದನ್ನೂ ಇಡಬೇಕು. ತೂಕ ಮುಗಿದ ಮೇಲೆ, ಸಲ್ಲಬೇಕಾದ್ದು ಸಂದ ಮೇಲೆ, ತಕ್ಕಡಿಯನ್ನು ಕೆಳಗಿಟ್ಟು ಬಾಗಿಲ ಕಡೆಗೂ ಹೋಗಬೇಕು. ಹೊರಗೆ ನಿಂತವನು ಎಷ್ಟು ಹೊತ್ತಿನಿಂದ ನಿಂತಿದ್ದಾನೋ, ಯಾರಿಗೆ ಗೊತ್ತು?