ತಾಳ್ಮೆ ನಮ್ಮದು, ನಷ್ಟ ಮಗುವಿನದು



ತಾಳಿದವನು ಬಾಳಿಯಾನು ಎಂಬುದು ನಮ್ಮ ಹಿರಿಯರ ಮಾತು. ತಾಳ್ಮೆಯು ಪವಿತ್ರಾತ್ಮರ ಫಲಗಳಲ್ಲಿ ಒಂದೆಂದು ಧರ್ಮಸಭೆಯೂ ಬೋಧಿಸುತ್ತದೆ. ಹೀಗಿರುವಾಗ ತಾಳ್ಮೆಯೇ ತಪ್ಪಾಗುವ ಸಂದರ್ಭವೊಂದು ಇರಬಹುದೇ? ಒಂದೂವರೆ ವರ್ಷ ತುಂಬಿದರೂ ಮಾತು ಬಾರದ ಮಗುವನ್ನು ಕಂಡು ತಾಯಿ ಆತಂಕಪಟ್ಟಾಗ, "ಇವನ ಅಪ್ಪನಿಗೂ ಮಾತು ಬಂದದ್ದು ತಡವಾಗಿಯೇ, ದೇವರಿದ್ದಾರೆ, ಸ್ವಲ್ಪ ಕಾದು ನೋಡು" ಎಂದು ಮನೆಮಂದಿ ಸಮಾಧಾನ ಹೇಳುವುದುಂಟು. ಆ ಮಾತಿನಲ್ಲಿ ಪ್ರೀತಿಯಿದೆ, ವಿಶ್ವಾಸವೂ ಇದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಯುವವರು ನಾವು, ಆ ಕಾಯುವಿಕೆಯ ಬೆಲೆ ತೆರುವವರು ಯಾರು?

ಮಾತು ನಾಲಿಗೆಯಲ್ಲಿ ಮೂಡುವ ಮುನ್ನ ಕಿವಿಯಲ್ಲಿ ಬೇರೂರುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಶಿಶು ತಾಯಿಯ ದನಿಯನ್ನು ಕೇಳತೊಡಗುತ್ತದೆ. ಹುಟ್ಟಿದ ಮೇಲೆ ಜೋಗುಳ, ಸಂಜೆಯ ಜಪಸರದ ದನಿ, ಅಡುಗೆಮನೆಯ ಮಾತುಕತೆ, ಇವೆಲ್ಲವೂ ಮಿದುಳಿನಲ್ಲಿ ಭಾಷೆಯ ಹಾದಿಗಳನ್ನು ತೆರೆಯುತ್ತವೆ. ಈ ಕಾರ್ಯ ಅತ್ಯಂತ ಚುರುಕಾಗಿ ನಡೆಯುವುದು ಬದುಕಿನ ಮೊದಲ ಮೂರು ವರ್ಷಗಳಲ್ಲಿ. ಆ ಅವಧಿಯಲ್ಲಿ ದನಿಯೇ ತಲುಪದಿದ್ದರೆ, ಶ್ರವಣಕ್ಕೆ ಮೀಸಲಾದ ಭಾಗವನ್ನು ಮಿದುಳು ಕ್ರಮೇಣ ಬೇರೆ ಕೆಲಸಗಳಿಗೆ ಬಳಸಿಕೊಳ್ಳುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಷಿನಾಗ-ಇಟಾನೊ ಮತ್ತು ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಬುದ್ಧಿಶಕ್ತಿ ಸಹಜವಾಗಿದ್ದ ಮಕ್ಕಳಲ್ಲಿ, ಆರು ತಿಂಗಳೊಳಗೆ ಶ್ರವಣದೋಷ ಪತ್ತೆಯಾಗಿ ನೆರವು ದೊರೆತವರು, ತಡವಾಗಿ ಪತ್ತೆಯಾದವರಿಗಿಂತ ಭಾಷೆಯಲ್ಲಿ ಬಹಳ ಮುಂದಿದ್ದರು. ಮಾತಿನ ಮೂಲಕ ಕಲಿತವರಲ್ಲಿಯೂ ಸನ್ನೆಯ ಮೂಲಕ ಕಲಿತವರಲ್ಲಿಯೂ ಫಲಿತಾಂಶ ಒಂದೇ ಆಗಿತ್ತು. ಕಳೆದ ಹಣವನ್ನು ಮತ್ತೆ ಗಳಿಸಬಹುದು. ಕಳೆದ ಶೈಶವವನ್ನು ಯಾವ ವೈದ್ಯರೂ ಮರಳಿ ಕೊಡಲಾರರು.

"ನಮ್ಮ ಮಗುವಿಗೆ ಕೇಳಿಸುತ್ತದೆ, ತಟ್ಟೆ ಬಡಿದರೆ ತಿರುಗಿ ನೋಡುತ್ತದೆ" ಎಂದು ನೀವು ಹೇಳಬಹುದು. ಆದರೆ ಮಗು ತಿರುಗುವುದು ನೆಲದ ಕಂಪನವನ್ನು ಅರಿತೂ ಆಗಬಹುದು, ನೆರಳು ಸರಿದದ್ದನ್ನು ಕಂಡೂ ಆಗಬಹುದು. ಜೋರಾದ ಸದ್ದು ಕೇಳಿಸಿಯೂ 'ಸ', 'ಶ'ಗಳಂತಹ ತೆಳುವಾದ ಅಕ್ಷರಗಳು ಕೇಳಿಸದ ಮಕ್ಕಳೂ ಇದ್ದಾರೆ. ಕಿವಿ ಕೇಳದ ಶಿಶುವೂ ಮೊದಲ ತಿಂಗಳುಗಳಲ್ಲಿ ಇತರ ಶಿಶುಗಳಂತೆಯೇ ಕೂಗಾಡಿ ನಲಿಯುತ್ತದೆ. ಕಣ್ಣಿಗೆ ಕಾಣದ ಈ ಕೊರತೆ ಸಾವಿರ ಜನನಗಳಲ್ಲಿ ಒಂದರಿಂದ ಮೂರು ಶಿಶುಗಳಲ್ಲಿರುತ್ತದೆ. ತೀವ್ರ ನಿಗಾ ಘಟಕದಲ್ಲಿದ್ದು ಬಂದ ಶಿಶುಗಳಲ್ಲಿ ಇನ್ನೂ ಹೆಚ್ಚು. ಇದನ್ನು ಕಂಡುಹಿಡಿಯುವ ಪರೀಕ್ಷೆಯಾದರೋ ಬಹಳ ಸರಳ. ನಿದ್ರಿಸುತ್ತಿರುವ ಶಿಶುವಿನ ಕಿವಿಯಲ್ಲಿ ಪುಟ್ಟ ಬಿರಡೆಯಂಥ ಸಾಧನವಿಟ್ಟು ಮೆಲುದನಿ ಕೇಳಿಸಿದರೆ, ಆರೋಗ್ಯವಂತ ಒಳಕಿವಿ ಅದಕ್ಕೆ ಸೂಕ್ಷ್ಮ ಪ್ರತಿಧ್ವನಿಯನ್ನು ಹಿಂದಿರುಗಿಸುತ್ತದೆ. ನೋವಿಲ್ಲ, ಸೂಜಿಯಿಲ್ಲ, ಕೆಲವೇ ನಿಮಿಷಗಳ ಕೆಲಸ. ಮೊದಲ ಪರೀಕ್ಷೆಯಲ್ಲಿ ಪ್ರತಿಧ್ವನಿ ಬಾರದಿದ್ದರೆ ಗಾಬರಿ ಬೇಡ. ಕಿವಿಯಲ್ಲಿ ಉಳಿದ ದ್ರವವೂ ಕಾರಣವಾಗಿರಬಹುದು. ಆದರೆ ಮರುಪರೀಕ್ಷೆಯನ್ನು ತಪ್ಪಿಸಬಾರದು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ತಜ್ಞರು ಒಪ್ಪಿರುವ ಕ್ರಮ. ಹುಟ್ಟಿದಾಗ ಚೆನ್ನಾಗಿದ್ದ ಕಿವಿ ಮಿದುಳುಪೊರೆಯ ಉರಿಯೂತದಿಂದಲೋ ಪದೇ ಪದೇ ಸೋರುವುದರಿಂದಲೋ ಮುಂದೆ ಮಂದವಾಗಬಹುದಾದ್ದರಿಂದ ಎಚ್ಚರಿಕೆ ಆಮೇಲೂ ಅಗತ್ಯ.

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯವನ್ನು ಇಲ್ಲಿ ಸ್ಮರಿಸೋಣ. ಜೆರಿಕೋವಿನ ಕುರುಡ ಬಾರ್ತಿಮಾಯನು ಯೇಸು ಹಾದುಹೋಗುವುದನ್ನು ಕೇಳಿಸಿಕೊಂಡು ತಾನೇ ಕೂಗಿ ಕರೆದನು. ದೆಕಪೊಲಿಯ ಕಿವುಡನಿಗೆ ಅದು ಸಾಧ್ಯವಿರಲಿಲ್ಲ. ಯೇಸು ಬಂದಿರುವ ಸುದ್ದಿ ಅವನ ಕಿವಿಗೆ ಬೀಳುವಂತಿರಲಿಲ್ಲ, ಕರೆಯಲು ಸ್ಫುಟವಾದ ಮಾತೂ ಇರಲಿಲ್ಲ. ಅವನನ್ನು ಯಾರೋ ಕರೆತರಬೇಕಾಯಿತು. ಆ ಜನರ ಹೆಸರನ್ನು ಶುಭಸಂದೇಶ ಹೇಳುವುದಿಲ್ಲ. ಆದರೂ ಅವರು "ದೇವರ ಚಿತ್ತವಿದ್ದರೆ ತಾನಾಗಿಯೇ ಗುಣವಾದೀತು" ಎಂದು ಮನೆಯಲ್ಲಿ ಕುಳಿತಿದ್ದರೆ ಆ ಅದ್ಭುತ ನಡೆಯುವ ಸಂದರ್ಭವೇ ಒದಗುತ್ತಿರಲಿಲ್ಲ. ತೊಟ್ಟಿಲಲ್ಲಿರುವ ಶಿಶು ತನಗೆ ಕೇಳಿಸುತ್ತಿಲ್ಲವೆಂದು ದೂರಲಾರದು. ಕೇಳಿಸುವುದೆಂದರೆ ಏನೆಂಬುದೇ ಅದಕ್ಕೆ ತಿಳಿಯದು. ಕೇಳಿಕೊಳ್ಳಲಾರದವನ ಪರವಾಗಿ ಎದ್ದು ನಡೆಯುವುದೇ ಅಲ್ಲಿ ವಿಶ್ವಾಸದ ರೂಪ. ನನ್ನ ಕಷ್ಟವನ್ನು ನಾನು ಸಹಿಸಿಕೊಂಡರೆ ಅದು ತಾಳ್ಮೆ. ಇನ್ನೊಬ್ಬರ ಕಷ್ಟವನ್ನು ನಾನು ಸಹಿಸಿಕೊಂಡು ಕುಳಿತರೆ ಅದಕ್ಕೆ ಬೇರೆಯೇ ಹೆಸರಿದೆ.

ಅನೇಕ ತಂದೆತಾಯಿಯರು ಹಿಂಜರಿಯುವುದು ಉದಾಸೀನದಿಂದಲ್ಲ, ಅಂಜಿಕೆಯಿಂದ. "ಯಾರ ಪಾಪದ ಫಲವಿದು?" ಎಂದು ಊರು ಕೇಳುತ್ತದೆ, ಬಹುತೇಕ ಬೆರಳು ತಾಯಿಯ ಕಡೆಗೇ ತಿರುಗುತ್ತದೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ್ದೂ ಇದನ್ನೇ, ಯೇಸು ತಳ್ಳಿಹಾಕಿದ್ದೂ ಇದನ್ನೇ. ಕಾರಣಗಳು ಪಾಪದಲ್ಲಿಲ್ಲ, ವಂಶವಾಹಿಗಳಲ್ಲಿ, ಗರ್ಭಿಣಿಗೆ ತಗಲುವ ರುಬೆಲ್ಲಾದಂತಹ ಸೋಂಕುಗಳಲ್ಲಿ, ಅವಧಿಗೆ ಮುನ್ನ ಆಗುವ ಹೆರಿಗೆಯಲ್ಲಿ, ತೀವ್ರವಾದ ಕಾಮಾಲೆಯಲ್ಲಿವೆ. ಮಕ್ಕಳಲ್ಲಿನ ಶ್ರವಣನಷ್ಟದಲ್ಲಿ ಸುಮಾರು ಶೇಕಡಾ 60ರಷ್ಟನ್ನು ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರ್ನಾಟಕದಲ್ಲಿ 2017ರಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದುದರ ಹಿಂದೆ ಈ ಉದ್ದೇಶವೂ ಇತ್ತು. ಸೋದರಸಂಬಂಧದ ವಿವಾಹಗಳಲ್ಲಿ ವಂಶಪಾರಂಪರ್ಯ ಕಿವುಡಿನ ಸಂಭವ ಹೆಚ್ಚೆಂಬುದನ್ನು ನಮ್ಮ ಕುಟುಂಬಗಳು ಮದುವೆಯ ಮಾತುಕತೆಗೆ ಮುನ್ನವೇ ಆಲೋಚಿಸಬೇಕು. ಮಗು ಹುಟ್ಟಿದ ಮೇಲೆ ದೂಷಣೆಗೆ ಬಳಸಬಾರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಬೇಗ ಪತ್ತೆಹಚ್ಚಬೇಕೆನ್ನುವುದು ಕಿವಿ ಕೇಳದ ಮಗು ಕಡಿಮೆಯೆಂಬ ಕಾರಣಕ್ಕಲ್ಲ. ಮಗುವಿಗೆ ನಾವು ಸಲ್ಲಿಸಬೇಕಾದ ಋಣ ಭಾಷೆ. ಶ್ರವಣಸಾಧನದಿಂದಲೋ ಕಾಕ್ಲಿಯರ್ ಇಂಪ್ಲಾಂಟ್‌ನಿಂದಲೋ ಅದು ಕಿವಿಯ ಮೂಲಕ ಬಂದರೆ ಸಂತೋಷ. ಸನ್ನೆಭಾಷೆಯಾಗಿ ಕಣ್ಣಿನ ಮೂಲಕ ಬಂದರೂ ಅದು ಪೂರ್ಣಭಾಷೆಯೇ. ದೆಕಪೊಲಿಯ ಆ ಮನುಷ್ಯನನ್ನು ಪ್ರಭು ಜನಜಂಗುಳಿಯಿಂದ ಬೇರೆಗೆ ಕರೆದೊಯ್ದು, ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿ, ಆಕಾಶದತ್ತ ನೋಡಿದರು. ಮಾತನಾಡುವ ಮುನ್ನ ಅವನಿಗೆ ಅರ್ಥವಾಗುವ ಸನ್ನೆಯಲ್ಲಿ ವ್ಯವಹರಿಸಿದರು. ಸಂತ ಫ್ರಾನ್ಸಿಸ್ ದೆ ಸೇಲ್ಸ್ ಮಾರ್ಟಿನ್ ಎಂಬ ಕಿವುಡನಿಗೆ ಸನ್ನೆಗಳಿಂದಲೇ ಧರ್ಮೋಪದೇಶ ನೀಡಿ ಪರಮಪ್ರಸಾದಕ್ಕೆ ಸಿದ್ಧಪಡಿಸಿದರು. 1880ರ ದಶಕದಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳಿಗಾಗಿ ಶಾಲೆ ತೆರೆದವರು ಬಿಷಪ್ ಲಿಯೊ ಮ್ಯೂರಿನ್. ನಮ್ಮ ಪರಂಪರೆ ಇದು.

ಇಂದು ದಾರಿಗಳೇನೂ ದೂರವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿನ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳೊಡನೆ ಕುಳಿತು ಕಲಿಯುತ್ತಾರೆ. ಸಾಧನ ಕಿವಿಗೇರಿದ ದಿನ ಕೆಲಸ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಬೆಳೆಯುವ ಕಿವಿಗೆ ಅಚ್ಚು ಬದಲಿಸಬೇಕು, ವರ್ಷಗಟ್ಟಲೆ ತರಬೇತಿಗೆ ಓಡಾಡಬೇಕು, ಕೂಲಿ ಕಳೆದುಕೊಳ್ಳಬೇಕು. ನೆರೆಹೊರೆಯ ಹಿರಿಯ ಮಗುವನ್ನು ನೋಡಿಕೊಳ್ಳುವುದು, ಬಸ್ ಖರ್ಚಿಗೆ ನೆರವಾಗುವುದು, ಜೊತೆಗೆ ಹೋಗಿ ಬರುವುದು, ಇವು ಧರ್ಮಕೇಂದ್ರದ ಕುಟುಂಬಗಳು ಮಾಡಬಹುದಾದ ಕರುಣಾಕಾರ್ಯಗಳು. ತಾಳ್ಮೆ ನಿಜವಾಗಿ ಬೇಕಾಗುವುದು ಇಲ್ಲಿ.

ಶಿಶುವಿನ ಜ್ಞಾನಸ್ನಾನದ ವಿಧಿಯಲ್ಲಿ ಯಾಜಕರು ಅದರ ಕಿವಿ ಬಾಯಿಗಳನ್ನು ಮುಟ್ಟಿ ಪ್ರಾರ್ಥಿಸುವ ಭಾಗವೊಂದಿದೆ. ದೆಕಪೊಲಿಯಲ್ಲಿ ಪ್ರಭು ನುಡಿದ 'ಎಪ್ಫಥಾ' ಎಂಬ ಪದವೇ ಅದರ ಹೆಸರು. ತೆರೆಯಲಿ ಎಂಬುದು ಅದರ ಅರ್ಥ. ಮುಂದಿನ ಬಾರಿ ನಿಮ್ಮ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ ನಡೆದಾಗ, ಹೆತ್ತವರನ್ನು ಹರಸಿದ ಬಳಿಕ ಮೆಲ್ಲನೆ ಒಂದು ಮಾತು ಕೇಳಿರಿ: "ಮಗುವಿನ ಕಿವಿಯ ಪರೀಕ್ಷೆ ಆಯಿತೇ?" ಆ ಪ್ರಶ್ನೆಯೂ ಪ್ರಾರ್ಥನೆಯ ಒಂದು ಭಾಗವೇ.