ತನ್ನನ್ನು ಮೀರಿದವನ ಮುಂದೆ

ನೊಂದವರನ್ನು ಕಂಡು ಮರುಗುವುದು ಬಹುಪಾಲು ಜನಕ್ಕೆ ಸಹಜವಾಗಿ ಬರುತ್ತದೆ. ನಮಗಿಂತ ಮೇಲಕ್ಕೆ ಹೋದವರನ್ನು ಕಂಡು ಹಿಗ್ಗಬೇಕಾದರೆ ಸಾಧನೆ ಬೇಕು. ಆ ಹಿಗ್ಗಿಗೆ ಮುದಿತಾ ಎಂದು ಹೆಸರು. ಪತಂಜಲಿಯ ಯೋಗಸೂತ್ರ ಅದನ್ನು ಮೈತ್ರಿ, ಕರುಣೆ, ಉಪೇಕ್ಷೆಗಳ ಜೊತೆ ಚಿತ್ತವನ್ನು ತಿಳಿಯಾಗಿಸುವ ಭಾವನೆಗಳಲ್ಲಿ ಎಣಿಸುತ್ತದೆ. ಬೌದ್ಧರಿಗೆ ಅದು ನಾಲ್ಕು ಬ್ರಹ್ಮವಿಹಾರಗಳಲ್ಲಿ ಒಂದು. ಜೈನರ ತತ್ತ್ವಾರ್ಥಸೂತ್ರ ಇದನ್ನೇ ಪ್ರಮೋದ ಎಂದು ಕರೆದು, ಗುಣದಲ್ಲಿ ಹೆಚ್ಚಿನವರ ವಿಷಯದಲ್ಲಿ ಇರಬೇಕಾದ ಭಾವವೆಂದು ಖಚಿತವಾಗಿ ಹೇಳುತ್ತದೆ.

ಇದು ಸಾಧುಸ್ವಭಾವದವರ ಸೊತ್ತು ಎಂದುಕೊಳ್ಳುವವರಿಗೆ ನಾನು ಟೆಡ್ ವಿಲಿಯಮ್ಸ್‌ನನ್ನು ತೋರಿಸುತ್ತೇನೆ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಈ ಬೇಸ್‌ಬಾಲ್ ದೈತ್ಯ ಮಹಾ ಮುಂಗೋಪಿ. ಪತ್ರಕರ್ತರೊಡನೆ ಬದುಕಿಡೀ ಜಗಳ. 1956ರಲ್ಲಿ ಪ್ರೇಕ್ಷಕರತ್ತ ಉಗುಳಿ 5,000 ಡಾಲರ್ ದಂಡಕ್ಕೆ ಗುರಿಯಾದವನು. ಆದರೂ ಆಟ ಬಲ್ಲವರನ್ನು ಕಂಡರೆ ಅವನಿಗೆ ಸಂಕಟವಾಗುತ್ತಿರಲಿಲ್ಲ.

1941ರಲ್ಲಿ ಅವನ ಬ್ಯಾಟಿಂಗ್ ಸರಾಸರಿ .406. ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮ್ಯಾಜಿಯೊ ಸತತ 56 ಪಂದ್ಯಗಳಲ್ಲಿ ಹಿಟ್ ಗಳಿಸಿದ. ಅವನ ತಮ್ಮ ಡಾಮ್, ಟೆಡ್‌ನ ಸಹ ಆಟಗಾರ. ತಮ್ಮ ತಂಡದ ಅಂಗಳ ಫೆನ್‌ವೇ ಪಾರ್ಕಿನಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಸ್ಕೋರ್‌ಬೋರ್ಡ್ ನೋಡಿಕೊಳ್ಳುವವನಿಂದ ಜೋನ ಸುದ್ದಿ ತಿಳಿದುಕೊಂಡು, ಟೆಡ್ ಅದನ್ನು ಡಾಮ್‌ಗೆ ಕೂಗಿ ಹೇಳುತ್ತಿದ್ದನಂತೆ. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಹೋದದ್ದು ಜೋಗೆ.

ಮುದಿತೆಯನ್ನು ಆಪ್ತ ಗೆಳೆಯನಿಂದ ಶುರುಮಾಡಿ, ಆಮೇಲೆ ಸಂಬಂಧವಿಲ್ಲದವನಿಗೆ, ಕೊನೆಗೆ ವೈರಿಗೆ ಹರಡಬೇಕೆಂದು ಬುದ್ಧಘೋಷನ ಬೌದ್ಧ ಗ್ರಂಥ ವಿಸುದ್ಧಿಮಗ್ಗ ಕಲಿಸುತ್ತದೆ. ಗೆಳೆಯನ ಗೆಲುವಿನಲ್ಲಿ ನಮ್ಮದೂ ಒಂದು ಪಾಲಿರುತ್ತದೆ. ಎದುರಾಳಿಯ ಗೆಲುವಿನಲ್ಲಿ ಅಂಥ ಪಾಲಿಲ್ಲ. ಅಲ್ಲಿಯೂ ಸಂತೋಷ ಉಳಿದರೆ, ಅದು ಆ ಗುಣಕ್ಕೇ ಸಲ್ಲುವ ಸಂತೋಷ.

1966ರ ಜುಲೈ 25ರಂದು ಟೆಡ್ ಕೂಪರ್ಸ್‌ಟೌನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ. ಅವನ ಒಟ್ಟು ಹೋಮ್ ರನ್ 521. ಅಷ್ಟರಲ್ಲಾಗಲೇ ಇನ್ನೊಬ್ಬ ಆಟಗಾರ ವಿಲ್ಲಿ ಮೇಸ್ 522ನೆಯದನ್ನು ಹೊಡೆದಿದ್ದ. ತನ್ನ ಸನ್ಮಾನದ ಭಾಷಣದಲ್ಲೇ ಟೆಡ್ ಅದನ್ನು ಎತ್ತಿ ಹೇಳಿ, ಮುನ್ನುಗ್ಗು ಎಂದು ಮೇಸ್‌ನನ್ನು ಹುರಿದುಂಬಿಸಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಸ್ಯಾಚೆಲ್ ಪೇಜ್, ಜೋಶ್ ಗಿಬ್ಸನ್ ಇಬ್ಬರನ್ನೂ ಹೆಸರಿಸಿ, ಅವಕಾಶ ಸಿಗದೆ ಹೋದ, ಕಪ್ಪು ಆಟಗಾರರ ಪ್ರತ್ಯೇಕ ನೀಗ್ರೋ ಲೀಗಿನ ಮಹಾನ್ ಆಟಗಾರರ ಸಂಕೇತವಾಗಿ ಅವರು ಒಂದು ದಿನ ಇಲ್ಲಿಗೆ ಸೇರಲಿ ಎಂದ.

ನನಗೆ ಮುದಿತೆಯ ಪೂರ್ಣ ಬಲ ಕಾಣುವುದು ಈ ಮಾತಿನಲ್ಲಿ. ಇನ್ನೊಬ್ಬರ ಹಿರಿಮೆಯನ್ನು ನಿಜವಾಗಿ ಸವಿಯುವವನಿಗೆ, ಆ ಹಿರಿಮೆಯನ್ನು ಬಾಗಿಲಾಚೆ ನಿಲ್ಲಿಸಿರುವುದು ಸಹಿಸಲಾಗದು. ಅವನ ಸಂತೋಷವೇ ನ್ಯಾಯ ಕೇಳತೊಡಗುತ್ತದೆ. ಗಿಬ್ಸನ್ 1947ರ ಜನವರಿಯಲ್ಲೇ ತೀರಿಕೊಂಡಿದ್ದ; ಏಪ್ರಿಲ್‌ನಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಆ ಬಾಗಿಲು ದಾಟಿ ಮೇಜರ್ ಲೀಗ್ ಅಂಗಳಕ್ಕಿಳಿದದ್ದನ್ನು ಅವನು ನೋಡಲೇ ಇಲ್ಲ.

ಪೇಜ್ 1971ರಲ್ಲಿ, ಗಿಬ್ಸನ್ 1972ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. 2024ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ನೀಗ್ರೋ ಲೀಗಿನ ಅಂಕಿಗಳನ್ನೂ ತನ್ನ ಅಧಿಕೃತ ದಾಖಲೆಗೆ ಸೇರಿಸಿಕೊಂಡಿತು. 1941ರ ಟೆಡ್‌ನ ಬಳಿಕ .400 ದಾಟಿದವರೇ ಇಲ್ಲ ಎಂದು ದಶಕಗಳ ಕಾಲ ಹೇಳುತ್ತಿದ್ದರು. ಈಗ ಅದೇ ದಾಖಲೆಯಲ್ಲಿ 1943ರ ಎದುರು ಗಿಬ್ಸನ್‌ನ .466 ನಿಂತಿದೆ.